ಹರಾಜಲ್ಲಿ ಮಾರಿದ ವಾಚ್ ವಾಪಸ್ ಬರ್ತಿದೆ, ಕಟ್ ಆದ ಫೀ ಕಥೆ ಏನು?

ಪ್ರಶ್ನೆ: ಸರ್, ನಮ್ಮೂರು ತೀರ್ಥಹಳ್ಳಿ ಹತ್ರ. ನಮ್ಮ ಮಾವ ವಾಚ್ ರಿಪೇರಿ ಅಂಗಡಿ ಇಟ್ಟಿದ್ರು, ಅವರ ಹತ್ರ ಉಳಿದಿದ್ದ ಹಳೇ ಎಚ್‌ಎಂಟಿ ವಾಚುಗಳನ್ನ ಸರ್ವಿಸ್ ಮಾಡಿ ಈಬೇ ಅನ್ನೋ ಆನ್‌ಲೈನ್ ಮಾರಾಟದ ಸೈಟಲ್ಲಿ ಹರಾಜಿಗೆ ಹಾಕ್ತಿದ್ದೀನಿ. ಜರ್ಮನಿಯವರೊಬ್ಬರು ಪೈಲಟ್ ಅನ್ನೋ ಮಾಡೆಲಿನ ಒಂದು ವಾಚನ್ನ 40 ಡಾಲರ್‌ಗೆ ಗೆದ್ರು, ಈಗ ಡಯಲ್ ಒರಿಜಿನಲ್ ಅಲ್ಲ ಅಂತ ರಿಟರ್ನ್ ಹಾಕಿದ್ದಾರೆ. ನಾನು ಲಿಸ್ಟಿಂಗಲ್ಲಿ, ಅಂದ್ರೆ ವಾಚ್ ಮಾರಾಟಕ್ಕೆ ಹಾಕಿದ ಪೇಜಲ್ಲಿ, ನೋ ರಿಟರ್ನ್ಸ್ ಅಂತ ಹಾಕಿದ್ದೆ, ಆದ್ರೂ ವಾಪಸ್ ತಗೊಳ್ಲೇಬೇಕಾ? ಪೋಸ್ಟ್ ಖರ್ಚು ಯಾರ ತಲೆ ಮೇಲೆ? ಕಟ್ ಆಗಿರೋ ಫೀ ವಾಪಸ್ ಸಿಗುತ್ತಾ? ಇನ್ನೊಬ್ಬರು ಗೆದ್ದು ದುಡ್ಡೇ ಹಾಕಿಲ್ಲ, ಅವರನ್ನ ಏನು ಮಾಡೋದು? ಮನೇಲಿ ಒಂದು ಇಕ್ಕೇರಿ ಕಾಲದ ನಾಣ್ಯನೂ ಇದೆ, ಅದನ್ನೂ ಹಾಕಬಹುದಾ?

ಉತ್ತರ: ಮೊದಲು ಅರ್ಜೆಂಟ್ ಇರೋದನ್ನ ಹೇಳ್ತೀನಿ, ಉಳಿದಿದ್ದು ಆಮೇಲೆ. ರಿಟರ್ನ್ ರಿಕ್ವೆಸ್ಟ್ ಬಂದ ಮೇಲೆ ನಿಮಗೆ 3 ಕೆಲಸದ ದಿನ ಮಾತ್ರ ಇರೋದು, ಅಷ್ಟರಲ್ಲಿ ನೀವು ಉತ್ತರ ಕೊಡದೆ ಇದ್ರೆ ಗಿರಾಕಿ ಈಬೇನವರನ್ನ ಮಧ್ಯಕ್ಕೆ ಕರೀಬಹುದು, ಕರೆದ್ರೆ ಬಹುತೇಕ ತೀರ್ಮಾನ ಗಿರಾಕಿ ಕಡೆಗೇ ಆಗುತ್ತೆ, ಮತ್ತೆ ಆ ಕೇಸು ನಿಮ್ಮ ಅಕೌಂಟ್ ಮೇಲೆ "ಮಾರಾಟಗಾರ ಬಗೆಹರಿಸಲಿಲ್ಲ" ಅಂತ ಕೂತ್ಕೊಳ್ಳುತ್ತೆ. ಆ ಥರದ ಕೇಸು ಒಟ್ಟು ವ್ಯವಹಾರದಲ್ಲಿ ಶೇಕಡ 0.3 ದಾಟಬಾರದು ಅನ್ನೋದು ಅವರ ಮಿತಿ. ತಿಂಗಳಿಗೆ ನಾಕೈದು ವಾಚ್ ಮಾರೋರು ಇಂಥ ವಿಷಯದಲ್ಲಿ ಒಂದು ಕೇಸನ್ನೂ ಸುಮ್ನೆ ಬಿಡಬಾರದು. ಹಂಗಾಗಿ ಇದನ್ನ ಓದಿ ಮುಗಿಸಿದ ತಕ್ಷಣ ರಿಟರ್ನ್ ಪೇಜ್ ಓಪನ್ ಮಾಡಿ ಏನಾದ್ರೂ ಒಂದು ಉತ್ತರ ಹಾಕಿ, ಏನು ಹಾಕಬೇಕು ಅಂತ ಕೆಳಗೆ ಹೇಳ್ತೀನಿ.

ನೋ ರಿಟರ್ನ್ಸ್ ಅಂತ ಹಾಕಿದ್ದೆ ಅಂತೀರಿ. ಅದು ಕೆಲಸಕ್ಕೆ ಬರೋದು ಗಿರಾಕಿ ಮನಸ್ಸು ಬದಲಾಯಿಸಿದಾಗ ಮಾತ್ರ, ಅಂದ್ರೆ ಕೈಗೆ ಸಣ್ಣದಾಯ್ತು, ಬಣ್ಣ ಇಷ್ಟ ಆಗ್ಲಿಲ್ಲ, ಮನೆಯವ್ರು ಬೈದ್ರು ಅಂಥದ್ದಕ್ಕೆ. "ಹೇಳಿದಂಗೆ ಇಲ್ಲ" ಅಂತ ಕಾರಣ ಕೊಟ್ರೆ ಅಲ್ಲಿ ನಿಮ್ಮ ನೋ ರಿಟರ್ನ್ಸ್ ನಿಲ್ಲಲ್ಲ, ಈಬೇ ಮನಿ ಬ್ಯಾಕ್ ಗ್ಯಾರಂಟಿ ಅಂತ ಇದೆ, ವಸ್ತು ತಲುಪಿ 30 ದಿನದೊಳಗೆ ಅವರು ಕೇಳಬಹುದು. ಜರ್ಮನಿಯಂಥ ಯುರೋಪಿಯನ್ ಯೂನಿಯನ್ ದೇಶಗಳಲ್ಲಿ ಇನ್ನೂ ಒಂದು ವಿಷಯ ಇದೆ, ಇದು ನಮ್ಮ ಕಡೆಯ ಎಷ್ಟೋ ಜನ ಮಾರಾಟಗಾರರಿಗೆ ಗೊತ್ತೇ ಇಲ್ಲ: ನೀವು ವ್ಯಾಪಾರಿ ಅಂತ ಮಾರ್ತಿದ್ರೆ, ದೂರದಿಂದ ಕೊಂಡ ಗ್ರಾಹಕರಿಗೆ ಕಾರಣನೇ ಹೇಳದೆ 14 ದಿನದಲ್ಲಿ ವಾಪಸ್ ಕೊಡೋ ಹಕ್ಕು ಅಲ್ಲಿನ ಕಾನೂನಲ್ಲಿ ಇದೆ. ಹರಾಜಲ್ಲಿ ಕೊಂಡಿದ್ದು ಅಲ್ವಾ, ಹರಾಜಿಗೆ ವಿನಾಯಿತಿ ಇಲ್ವಾ ಅಂತ ಕೇಳಬಹುದು. ವಿನಾಯಿತಿ ಇರೋದು ಜನ ಖುದ್ದು ಹೋಗಿ ಕೂಗೋಕೆ ಅವಕಾಶ ಇರೋ ಸಾರ್ವಜನಿಕ ಹರಾಜಿಗೆ, ಆನ್‌ಲೈನ್ ಹರಾಜು ಅದರೊಳಗೆ ಬರಲ್ಲ ಅಂತ 2011ರ ಅವರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲೇ ಬರೆದಿದ್ದಾರೆ. ನಮ್ಮ ದೇಶದಲ್ಲೂ ಅಷ್ಟೇ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷ ಇದ್ರೆ, ನಕಲಿ ಆಗಿದ್ರೆ ಅಥವಾ ಜಾಹೀರಾತಲ್ಲಿ ಹೇಳಿದಂಗೆ ಇಲ್ದಿದ್ರೆ ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನೋಹಾಗಿಲ್ಲ.

ಈಗ ನಿಮ್ಮ ಡಯಲ್ ವಿಷಯ. ಆ ಜರ್ಮನಿಯವರು ಹೇಳಿದ್ದು ಸುಳ್ಳು ಅಂತ ಮೊದಲೇ ತೀರ್ಮಾನ ಮಾಡಬೇಡಿ. ನೀವು ಕಳಿಸಿದ ಫೋಟೋನ ದೊಡ್ಡದು ಮಾಡಿ ನೋಡಿದೆ. ಕಪ್ಪು ಡಯಲ್, ಮೇಲೆ ಎಚ್‌ಎಂಟಿ, ಕೆಳಗೆ ಪೈಲಟ್, 17 ಜ್ಯುವೆಲ್ಸ್, ಪ್ಯಾರಾಶಾಕ್ ಎಲ್ಲಾ ಇದೆ, ಆದ್ರೆ ಆ ಸಣ್ಣ ಅಕ್ಷರಗಳ ಅಂಚು ನೋಡಿ, ಬಣ್ಣ ಸ್ವಲ್ಪ ಹರಡಿದೆ, ಫ್ಯಾಕ್ಟರಿ ಪ್ರಿಂಟ್ ಆಗಿದ್ರೆ ಅಂಚು ಬ್ಲೇಡಲ್ಲಿ ಕೊಯ್ದಂಗೆ ಚೂಪಾಗಿರುತ್ತೆ. ಇನ್ನೊಂದು, 4 ಮತ್ತು 8ರ ಹತ್ರ ನಿಮಿಷದ ಗೆರೆಗಳು ಅಂಕಿಯ ನೇರಕ್ಕೆ ಕೂತಿಲ್ಲ, ಒಂದು ಕೂದಲಷ್ಟು ಸರಿದಿದೆ. ಇದು ರೀಪೇಂಟ್ ಮಾಡಿದ ಡಯಲ್ ಅಂತಲೇ ನನಗೆ ಅನಿಸ್ತಿದೆ. ನಿಮ್ಮ ಮಾವ ಮೋಸ ಮಾಡಿದ್ರು ಅಂತ ಅಲ್ಲ ಮತ್ತೆ! ಆ ಕಾಲದಲ್ಲಿ ಗಿರಾಕಿಗಳೇ ಬಂದು ಡಯಲ್ ಹಳೇದಾಗಿದೆ, ಹೊಸದು ಮಾಡ್ಕೊಡಿ ಅಂತ ಕೇಳ್ತಿದ್ರು, ರಿಪೇರಿಯವರು ಬಣ್ಣ ಹೊಡೆಸಿ ಕೊಡ್ತಿದ್ರು, ಅದು ಒಳ್ಳೇ ಸೇವೆ ಅಂತಲೇ ಲೆಕ್ಕ. ಎಚ್‌ಎಂಟಿ ವಾಚ್ ಶುರುವಾಗಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿ ಸಹಯೋಗದಲ್ಲಿ, ಬೆಂಗಳೂರಲ್ಲಿ. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚೋ ತೀರ್ಮಾನ ತಗೊಳ್ತು. ಅಲ್ಲಿಂದ ಈಚೆಗೆ ಹೊರದೇಶದ ಸಂಗ್ರಹಕಾರರು ಹುಡುಕೋದು ಬಣ್ಣ ಮಾಸಿದ್ರೂ ಪರವಾಗಿಲ್ಲ ಒರಿಜಿನಲ್ ಡಯಲ್ಲೇ ಬೇಕು ಅಂತ. ನಮಗೆ ಹೊಸದಾಗಿ ಕಂಡಿದ್ದು ಅವರಿಗೆ ಹಾಳು ಮಾಡಿದಂಗೆ ಕಾಣುತ್ತೆ, ಇದೊಂದು ಅರ್ಥ ಮಾಡ್ಕೊಂಡ್ರೆ ನಿಮ್ಮ ಅರ್ಧ ರಿಟರ್ನ್ ಕಮ್ಮಿ ಆಗುತ್ತೆ.

ನೀವು ಲಿಸ್ಟಿಂಗಲ್ಲಿ ಡಯಲ್ ಬಗ್ಗೆ ಏನೂ ಬರೆದಿಲ್ಲ, "ವೆರಿ ಗುಡ್ ಕಂಡಿಶನ್, ಒರಿಜಿನಲ್ ಎಚ್‌ಎಂಟಿ" ಅಂತ ಮಾತ್ರ ಇದೆ. ಆ ಒರಿಜಿನಲ್ ಅನ್ನೋ ಮಾತೇ ಈಗ ನಿಮ್ಮನ್ನ ಕಟ್ಟಿ ಹಾಕಿರೋದು. ನನ್ನ ಅಭಿಪ್ರಾಯ ಕೇಳಿದ್ರೆ ಈ ರಿಟರ್ನ್ ಜೊತೆ ಜಗಳ ಆಡಬೇಡಿ, ಒಪ್ಕೊಳ್ಳಿ.

ಆದ್ರೆ ಒಪ್ಕೊಳ್ಳೋದ್ರಲ್ಲೂ ಎರಡು ಮೂರು ದಾರಿ ಇದೆ. ಮೊದಲನೇದು, ವಾಚ್ ವಾಪಸ್ ತರಿಸ್ಕೊಂಡು ಪೂರ್ತಿ ದುಡ್ಡು ಕೊಡೋದು. "ಹೇಳಿದಂಗಿಲ್ಲ" ಕೇಸಲ್ಲಿ ವಾಪಸ್ ಬರೋ ಪೋಸ್ಟ್ ಖರ್ಚೂ ನಿಮ್ಮದೇ, ನೀವು ಮೊದಲು ಕಳಿಸಿದಾಗ ತಗೊಂಡ ಪೋಸ್ಟ್ ಚಾರ್ಜೂ ಸೇರಿಸಿ ವಾಪಸ್ ಕೊಡಬೇಕು. ಜರ್ಮನಿಯಿಂದ ಟ್ರ್ಯಾಕಿಂಗ್ ಇರೋ ಪಾರ್ಸಲ್ ಬರೋಕೆ ಎಷ್ಟಾಗುತ್ತೆ ಅಂತ ಗಿರಾಕಿನೇ ಕೇಳಿ, 40 ಡಾಲರ್ ವಾಚಿಗೆ ಅದು ದೊಡ್ಡ ಹೊರೆನೇ. ಎರಡನೇದು, ಪಾರ್ಶಲ್ ರಿಫಂಡ್, ಅಂದ್ರೆ ವಾಚ್ ಅವರೇ ಇಟ್ಕೊಳ್ಳಲಿ, ಒಂದಿಷ್ಟು ದುಡ್ಡು ವಾಪಸ್ ಕೊಡ್ತೀನಿ ಅಂತ. ನಿಮ್ಮ ಕೇಸಿಗೆ ನಾನು ಇದನ್ನೇ ಮೊದಲು ಆಫರ್ ಮಾಡು ಅಂತೀನಿ. ಮಷೀನು ಒರಿಜಿನಲ್, ಕೇಸ್ ಒರಿಜಿನಲ್, ಸರ್ವಿಸ್ ಆಗಿದೆ, ಡಯಲ್ ಒಂದೇ ರೀಪೇಂಟ್, ಹಂಗಾಗಿ ಮರ್ಯಾದೆಯಿಂದ "ಡಯಲ್ ವಿಷಯ ನಾನು ಬರೀಬೇಕಿತ್ತು, ನಿಮಗೆ ಒಪ್ಪಿಗೆ ಇದ್ರೆ 15 ಡಾಲರ್ ವಾಪಸ್ ಕೊಡ್ತೀನಿ, ಬೇಡ ಅಂದ್ರೆ ವಾಪಸ್ ಕಳಿಸಿ ಪೂರ್ತಿ ಕೊಡ್ತೀನಿ" ಅಂತ ಎರಡೂ ದಾರಿ ತೆರೆದಿಟ್ಟು ಬರೀರಿ. ಸಂಗ್ರಹ ಮಾಡೋ ಜನ ನೇರವಾಗಿ ಮಾತಾಡಿದವರ ಹತ್ರ ತುಂಬಾ ಸಲ ಒಪ್ತಾರೆ. ಅವರು ಒಪ್ಪದೆ ಇದ್ರೆ ಒತ್ತಾಯ ಮಾಡೋಕೆ ಹೋಗಬೇಡಿ, ರಿಟರ್ನ್ ಆಕ್ಸೆಪ್ಟ್ ಒತ್ತಿ. ಮೂರನೇದು ವಾಚ್ ಅವರಿಗೇ ಬಿಟ್ಟು ಪೂರ್ತಿ ರಿಫಂಡ್ ಕೊಡೋದು, ವಾಪಸ್ ಪೋಸ್ಟಿನ ಖರ್ಚು ವಾಚಿನ ಬೆಲೆಗಿಂತ ಜಾಸ್ತಿ ಆದಾಗ ಮಾತ್ರ ಯೋಚನೆ ಮಾಡಿ.

ಈ ಎಲ್ಲಾ ಮಾತೂ, ದುಡ್ಡೂ ಆ ರಿಟರ್ನ್ ಪೇಜ್ ಒಳಗೇ ನಡೀಬೇಕು. ವಾಟ್ಸಾಪಲ್ಲಿ ಮಾತಾಡಿ ಬೇರೆ ಆ್ಯಪಲ್ಲಿ ದುಡ್ಡು ಕಳಿಸಿಬಿಟ್ರೆ ಸೈಟಿನ ಲೆಕ್ಕದಲ್ಲಿ ನೀವು ರಿಫಂಡೇ ಕೊಟ್ಟಿಲ್ಲ ಅಂತ ಆಗುತ್ತೆ, ಫೀನೂ ವಾಪಸ್ ಬರಲ್ಲ, ಕೇಸೂ ಮುಚ್ಚಲ್ಲ, ಕೆಟ್ಟ ಗಿರಾಕಿ ಆದ್ರೆ ಎರಡು ಸಲ ದುಡ್ಡು ಕಿತ್ಕೊಳ್ತಾನೆ.

ಇನ್ನು ಫೀ. ಇಲ್ಲಿ ಜನ ಗೊಂದಲ ಮಾಡ್ಕೊಳ್ಳೋದು ಏನಂದ್ರೆ ಫೀ ಹರಾಜಿನ ಬೆಲೆ ಮೇಲೆ ಮಾತ್ರ ಅಂತ ತಿಳ್ಕೊಂಡಿರ್ತಾರೆ. ಫೈನಲ್ ವ್ಯಾಲ್ಯೂ ಫೀ ಅನ್ನೋದು ಗಿರಾಕಿ ಕಟ್ಟಿದ ಒಟ್ಟು ಮೊತ್ತದ ಮೇಲೆ, ಅಂದ್ರೆ ಬಿಡ್ಡು, ಪೋಸ್ಟ್ ಚಾರ್ಜು, ಅವರ ಕಡೆಯ ತೆರಿಗೆ ಎಲ್ಲಾ ಸೇರಿ. ಲೆಕ್ಕಕ್ಕೆ ಶೇಕಡ 15 ಅಂತ ಇಟ್ಕೊಳ್ಳಿ, ಕೆಟಗರಿ ಮೇಲೆ, ಅಕೌಂಟ್ ಮೇಲೆ ಇದು ಬೇರೆ ಬೇರೆ ಇರುತ್ತೆ, ನಿಮ್ಮದು ಎಷ್ಟು ಅಂತ ಆ ಆರ್ಡರಿನ ವಿವರದಲ್ಲೇ ಕಾಣುತ್ತೆ. ವಾಚಿಗೆ 40, ಪೋಸ್ಟಿಗೆ 12, ತೆರಿಗೆ 8, ಒಟ್ಟು 60 ಡಾಲರ್. ಅದರ ಶೇಕಡ 15 ಅಂದ್ರೆ 9 ಡಾಲರ್, ಜೊತೆಗೆ ಪ್ರತಿ ಆರ್ಡರಿಗೆ ಅಂತ ಒಂದು ಚಿಲ್ಲರೆ ಫೀ, 10 ಡಾಲರ್ ದಾಟಿದ ಆರ್ಡರಿಗೆ 40 ಸೆಂಟು ಅಂತ ಹಿಡೀರಿ. 9 ಡಾಲರ್ 40 ಸೆಂಟು. ವಾಚಿನ 40ಕ್ಕೆ ಹೋಲಿಸಿದ್ರೆ ಹತ್ತಿರ ಹತ್ತಿರ ಕಾಲು ಭಾಗ ಹೋಯ್ತು! ಶೇಕಡ 15 ಅಂತ ಓದಿದವರಿಗೆ ಕೈಗೆ ಬಂದಾಗ ಎಲ್ಲಿ ಹೋಯ್ತು ದುಡ್ಡು ಅನಿಸೋದು ಇದಕ್ಕೇ. ಮೇಲಿಂದ ಡಾಲರ್ ರೂಪಾಯಿ ಆಗೋವಾಗ ಈಬೇ ದುಡ್ಡನ್ನ ನಿಮ್ಮ ಬ್ಯಾಂಕಿಗೆ ತಲುಪಿಸೋ ಪೇಯೋನೀರ್ ಕಂಪನಿಯವರದ್ದು ಕನ್ವರ್ಶನ್ ಕಟ್ ಬೇರೆ.

ಪೂರ್ತಿ ರಿಫಂಡ್ ಕೊಟ್ರೆ ಆ ಶೇಕಡಾವಾರು ಭಾಗ, ನಮ್ಮ ಲೆಕ್ಕದಲ್ಲಿ 9 ಡಾಲರ್, ನಿಮ್ಮ ಅಕೌಂಟಿಗೆ ಕ್ರೆಡಿಟ್ ಆಗುತ್ತೆ, ಆ 40 ಸೆಂಟು ಬರಲ್ಲ. ಪಾರ್ಶಲ್ ಕೊಟ್ರೆ ಕೊಟ್ಟಷ್ಟಕ್ಕೆ ತಕ್ಕ ಹಾಗೆ ಕ್ರೆಡಿಟ್. ತೆರಿಗೆ ಭಾಗ ಸೈಟಿನವರೇ ವಸೂಲಿ ಮಾಡಿರೋದು, ಅದನ್ನ ಅವರೇ ಗಿರಾಕಿಗೆ ಕೊಡ್ತಾರೆ, ನಿಮ್ಮ ಕೈಯಿಂದ ಹೋಗಲ್ಲ. ರಿಸರ್ವ್ ಪ್ರೈಸ್, ಅಂದ್ರೆ ಇದಕ್ಕಿಂತ ಕಮ್ಮಿಗೆ ಕೊಡಲ್ಲ ಅನ್ನೋ ಗುಟ್ಟಿನ ಬೆಲೆ, ಇಟ್ಟಿದ್ರೆ ಅದರ ಫೀ ಮಾತ್ರ ವಾಪಸ್ ಇಲ್ಲ, ಮಾಲು ಮಾರಾಟ ಆಗದೆ ಇದ್ರೂ ಕಟ್ಟಲೇಬೇಕು, ಅದಕ್ಕೇ ನಾನು ಸಣ್ಣ ಬೆಲೆಯ ವಸ್ತುಗಳಿಗೆ ರಿಸರ್ವ್ ಬೇಡ, ಶುರುವಿನ ಬೆಲೆನೇ ನಷ್ಟ ಆಗದಂಗೆ ಇಡಿ ಅಂತ ಹೇಳೋದು. ಶುರುವಿನ ಬೆಲೆ ಲೆಕ್ಕ ಹಾಕೋವಾಗ ವಾಚಿನ ಅಸಲು, ಸರ್ವಿಸ್ ಖರ್ಚು, ಫೀ, ಪ್ಯಾಕಿಂಗ್ ಹಾಕ್ತೀರಿ, ಸರಿ, ಅದರ ಮೇಲೆ ರಿಟರ್ನ್ ಬಾಬ್ತು ಅಂತನೂ ಒಂದಿಷ್ಟು ಸೇರಿಸಿ. ಹತ್ತು ವಾಚ್ ಮಾರಿದ್ರೆ ಒಂದು ವಾಪಸ್ ಬಂತು ಅಂತ ಇಟ್ಕೊಂಡ್ರೆ ಆ ಒಂದರ ಹೋಗೋ ಬರೋ ಪೋಸ್ಟನ್ನ ಹತ್ತಕ್ಕೂ ಹಂಚಿ. ಹೀಗೆ ಮಾಡಿದವರಿಗೆ ರಿಟರ್ನ್ ಬಂದ ದಿನ ಎದೆ ಹೊಡ್ಕೊಳ್ಳಲ್ಲ, ಅದು ಖರ್ಚಿನ ಪಟ್ಟೀಲಿ ಇರೋ ಒಂದು ಐಟಂ ಅಷ್ಟೇ.

ವಾಚ್ ವಾಪಸ್ ಬರೋದೇ ಆದ್ರೆ ಕಸ್ಟಮ್ಸ್ ವಿಷಯ ದಯವಿಟ್ಟು ಗಮನ ಇಟ್ಟು ಓದಿ, ಯಾಕಂದ್ರೆ ಇಲ್ಲಿ ದುಡ್ಡು ಸುಮ್ಮಸುಮ್ಮನೆ ಹೋಗುತ್ತೆ. ನಾವೇ ಕಳಿಸಿದ ಮಾಲು ನಮಗೇ ವಾಪಸ್ ಬಂದ್ರೂ ಕಸ್ಟಮ್ಸ್ ಕಣ್ಣಿಗೆ ಅದು ಇಂಪೋರ್ಟ್, ಹೊರದೇಶದ ವಾಚ್ ಬಂತು ಅಂತ ಡ್ಯೂಟಿ ಹಾಕಿಬಿಡಬಹುದು. ಎಕ್ಸ್‌ಪೋರ್ಟ್ ಆದ ಅದೇ ಮಾಲು 3 ವರ್ಷದೊಳಗೆ ವಾಪಸ್ ಬಂದ್ರೆ ಡ್ಯೂಟಿ ವಿನಾಯಿತಿ ಇದೆ, 2017ರ 45ನೇ ಕಸ್ಟಮ್ಸ್ ನೋಟಿಫಿಕೇಶನ್ ಅದಕ್ಕೇ ಇರೋದು, ಎಕ್ಸ್‌ಪೋರ್ಟ್ ಮೇಲೆ ಏನಾದ್ರೂ ಲಾಭ ಪಡೆದಿದ್ರೆ ಅದನ್ನ ತಿರುಗಿ ಕಟ್ಟಬೇಕು. ಆದ್ರೆ ಅದೇ ಮಾಲು ಅಂತ ನೀವು ತೋರಿಸಬೇಕಲ್ಲ? ಅದಕ್ಕೆ ಬೇಕಾಗೋದು ಕಳಿಸೋವಾಗ ಮಾಡಿಸಿದ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ (ಅಂಚೆ ಮೂಲಕ ಎಕ್ಸ್‌ಪೋರ್ಟ್ ಮಾಡೋವಾಗ ಕಸ್ಟಮ್ಸಿಗೆ ಕೊಡೋ ಫಾರಂ), ರಸೀದಿ, ವಾಚಿನ ಹಿಂದಿನ ಮುಚ್ಚಳದ ಮೇಲಿನ ನಂಬರಿನ ಫೋಟೋ. ಗಿರಾಕಿಗೂ ಒಂದು ಮಾತು ಬರೀರಿ: ಪಾರ್ಸಲ್ ಮೇಲಿನ ಸಿಎನ್ 23 ಅನ್ನೋ ಕಸ್ಟಮ್ಸ್ ಫಾರಂನಲ್ಲಿ "ರಿಟರ್ನ್ಡ್ ಗೂಡ್ಸ್" ಅಂತ ಒಂದು ಚೌಕ ಇದೆ, ಅದಕ್ಕೇ ಟಿಕ್ ಮಾಡಿ, ಮೊದಲಿನ ಟ್ರ್ಯಾಕಿಂಗ್ ನಂಬರನ್ನ ಅದರ ಮೇಲೆ ಬರೀರಿ ಅಂತ. ಇಷ್ಟು ಒಂದು ಸಾಲು ಬರೆಯೋಕೆ ಸೋಮಾರಿತನ ಮಾಡಿ ಆಮೇಲೆ ಡ್ಯೂಟಿ ಕಟ್ಟಿ ಬಿಡಿಸ್ಕೊಂಡವರನ್ನ ನೋಡಿದ್ದೀನಿ, ಬೇಜಾರಾಗುತ್ತೆ.

ನೀವು ಇಷ್ಟು ದಿನ ಐಇಸಿ ಇಲ್ದೆ ಗಿಫ್ಟ್ ಅಂತ ಬರೆದು ಕಳಿಸ್ತಿದ್ರೆ ಇವತ್ತಿಗೇ ನಿಲ್ಲಿಸಿ. ಐಇಸಿ ಅಂದ್ರೆ ಎಕ್ಸ್‌ಪೋರ್ಟ್ ಇಂಪೋರ್ಟ್ ಮಾಡೋರಿಗೆ ಕೊಡೋ ಕೋಡು, ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಇಲಾಖೆ ಡಿಜಿಎಫ್‌ಟಿ ವೆಬ್‌ಸೈಟಲ್ಲಿ 500 ರೂಪಾಯಿಗೆ ಮನೇಲೇ ಕೂತು ಮಾಡ್ಕೋಬಹುದು. ಅಂಚೆಯವರ ಡಾಕ್ ಘರ್ ನಿರ್ಯಾತ್ ಕೇಂದ್ರ, ಅಂದ್ರೆ ಅಂಚೆ ಕಚೇರಿಯ ಎಕ್ಸ್‌ಪೋರ್ಟ್ ಕೇಂದ್ರ, ಅಂತ ಶುರುವಾಗಿದೆ, ನಿಮಗೆ ಹತ್ತಿರದ್ದು ಯಾವುದು ಅಂತ ಶಿವಮೊಗ್ಗ ಹೆಡ್ ಪೋಸ್ಟ್ ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ, ಅದರ ಮೂಲಕ ಹೋದ್ರೆ ಪೇಪರ್ ಎಲ್ಲಾ ಸರಿಯಾಗಿರುತ್ತೆ. ಗಿಫ್ಟ್ ಅಂತ ಹೋಗಿದ್ದಕ್ಕೆ ಎಕ್ಸ್‌ಪೋರ್ಟ್ ಪುರಾವೆನೇ ಇರಲ್ಲ, ವಾಪಸ್ ಬಂದಾಗ ವಿನಾಯಿತಿ ಯಾವ ಬಾಯಲ್ಲಿ ಕೇಳ್ತೀರಿ? ಅಮೆರಿಕಕ್ಕೆ ಕಳಿಸೋದಾದ್ರೆ ಇನ್ನೂ ಒಂದು, 800 ಡಾಲರ್ ಒಳಗಿನ ಪಾರ್ಸಲಿಗೆ ಇದ್ದ ಡ್ಯೂಟಿ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಹೋಯ್ತು, ಹಂಗಾಗಿ ಡ್ಯೂಟಿ ಯಾರು ಕಟ್ಟೋದು ಅಂತ ಲಿಸ್ಟಿಂಗಲ್ಲೇ ಸ್ಪಷ್ಟ ಬರೀರಿ, ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ದುಡ್ಡು ಕೇಳಿದ ತಕ್ಷಣ ಪಾರ್ಸಲ್ ಬೇಡ ಅನ್ನೋ ಗಿರಾಕಿಗಳು ಬೇಕಾದಷ್ಟು ಇದ್ದಾರೆ.

ವಾಪಸ್ ಬಂದ ಪಾರ್ಸಲನ್ನ ಒಬ್ಬರೇ ಕೂತು ಸುಮ್ನೆ ಬಿಚ್ಚಬೇಡಿ, ಸೀಲ್ ಇರೋವಾಗಿಂದ ಬಿಚ್ಚಿ ವಾಚಿನ ಹಿಂದಿನ ಮುಚ್ಚಳ ತೆಗೆದು ಒಳಗಿನ ಮಷೀನು ಕಾಣೋವರೆಗೂ ನಿಲ್ಲಿಸದೆ ವಿಡಿಯೋ ಮಾಡಿ. ಒಳ್ಳೇ ಮಷೀನು ತೆಗೆದು ಕೆಟ್ಟದ್ದು ಕೂರಿಸಿ ಕಳಿಸೋರೂ ಇರ್ತಾರೆ, ಅಪರೂಪಕ್ಕೆ. ನೀವು ಕಳಿಸೋವಾಗಿನ ಮಷೀನಿನ ಫೋಟೋ ಇದ್ರೆ ಎರಡೂ ಇಟ್ಟು ತೋರಿಸಿ ಅಪೀಲ್ ಹಾಕಬಹುದು. ಎಲ್ಲಾ ಸರಿ ಇದ್ರೆ, ಕೈಗೆ ಬಂದ 2 ಕೆಲಸದ ದಿನದೊಳಗೆ ರಿಫಂಡ್ ಕೊಟ್ಟುಬಿಡಿ, ನಾಳೆ ನಾಡಿದ್ದು ಅಂತ ಎಳೀಬೇಡಿ. ನಿಮ್ಮ ಸೈಟ್ ಅಕೌಂಟಲ್ಲಿ ಬ್ಯಾಲೆನ್ಸ್ ಇಲ್ಲ ಅಂದ್ರೆ ನೀವು ಕೊಟ್ಟಿರೋ ಕಾರ್ಡಿಂದ ಎಳ್ಕೊಳ್ತಾರೆ, ಹಂಗಾಗಿ ಬಂದ ದುಡ್ಡನ್ನೆಲ್ಲಾ ಬಂದ ದಿನವೇ ಖಾಲಿ ಮಾಡೋ ಅಭ್ಯಾಸ ಒಳ್ಳೇದಲ್ಲ.

ಮುಂದಿನ ಲಿಸ್ಟಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು, ನನ್ನ ಪ್ರಕಾರ ರಿಟರ್ನ್ ಬರುತ್ತಾ ಇಲ್ವಾ ಅನ್ನೋದು ಬಹುಪಾಲು ಅಲ್ಲೇ ತೀರ್ಮಾನ ಆಗಿಹೋಗಿರುತ್ತೆ. ಶಿವಮೊಗ್ಗ ಎಪಿಎಂಸಿಲಿ ಅಡಿಕೆ ಟೆಂಡರ್ ಹಾಕೋರು ಚೀಲಕ್ಕೆ ಕೈ ಹಾಕಿ ಅಡಿಕೆ ನೋಡಿ, ಒಡೆದು ನೋಡಿ, ರಾಶಿನೋ ಬೆಟ್ಟೆನೋ ಗೊರಬಲೋ ಅಂತ ತಾವೇ ತೀರ್ಮಾನ ಮಾಡಿ ರೇಟ್ ಬರೀತಾರೆ, ಆಮೇಲೆ ವಾಪಸ್ ಅನ್ನೋ ಮಾತು ಬರೋದು ಕಮ್ಮಿ. ನಿಮ್ಮ ಗಿರಾಕಿಗೆ ಆ ಭಾಗ್ಯ ಇಲ್ಲ, ಅವರ ಬದಲಿಗೆ ಚೀಲಕ್ಕೆ ಕೈ ಹಾಕಿ ನೋಡಿ ಹೇಳಬೇಕಾದವರು ನೀವೇ. ಡಯಲ್ ರೀಪೇಂಟ್ ಆಗಿದ್ರೆ ರೀಪೇಂಟ್ ಅಂತ ಟೈಟಲಲ್ಲೇ ಬರೀರಿ. ಗ್ಲಾಸ್ ಬದಲಾಗಿದ್ರೆ, ಕೀ ಕೊಡೋ ತಿರುಪು ಕಂಪನಿದು ಅಲ್ಲದಿದ್ರೆ, ಬೆಲ್ಟ್ ಹೊಸದಾಗಿದ್ರೆ ಎಲ್ಲಾ ಬರೀರಿ. ದಿನಕ್ಕೆ ಎಷ್ಟು ಹಿಂದೆ ಮುಂದೆ ಓಡುತ್ತೆ ಅಂತ ಎರಡು ದಿನ ನೋಡಿ ಬರೀರಿ. ಬೆಲೆ ಕಮ್ಮಿ ಆಗುತ್ತೆ ಅಂತ ಭಯ ಬೇಡ, ರೀಪೇಂಟ್ ಅಂತ ಗೊತ್ತಿದ್ದೂ 28 ಡಾಲರ್ ಕೊಟ್ಟ ಗಿರಾಕಿ ವಾಪಸ್ ಕಳಿಸಲ್ಲ, ಒರಿಜಿನಲ್ ಅಂತ ನಂಬಿ 40 ಕೊಟ್ಟವರು ಕಳಿಸ್ತಾರೆ, ಎರಡೂ ಕಡೆ ಪೋಸ್ಟ್ ಕಳೆದ ಮೇಲೆ ನಿಮ್ಮ ಕೈಲಿ ಉಳಿಯೋದು ಯಾವುದ್ರಲ್ಲಿ ಜಾಸ್ತಿ ಅಂತ ನೀವೇ ಲೆಕ್ಕ ಹಾಕಿ.

ನಮ್ಮ ಮಲೆನಾಡಿನವರಿಗೆ ಇನ್ನೊಂದು ಕಾಟ ಮಳೆಗಾಲದ ಥಂಡಿ. ಆಷಾಢದಲ್ಲಿ ತೀರ್ಥಹಳ್ಳಿ ಆಗುಂಬೆ ಕಡೆ ಮನೆಯೊಳಗೆ ಬಟ್ಟೆನೇ ಒಣಗಲ್ಲ, ಅಂಥ ಗಾಳೀಲಿ ವಾಚಿನ ಹಿಂದಿನ ಮುಚ್ಚಳ ತೆಗೆದು ಮುಚ್ಚಿದ್ರೆ ಒಳಗೆ ತೇವ ಸೇರಿಬಿಡುತ್ತೆ, ವಾಚ್ ಚಳಿ ದೇಶಕ್ಕೆ ಹೋದ ತಕ್ಷಣ ಗ್ಲಾಸ್ ಒಳಗಡೆ ಆವಿ ಕಟ್ಟುತ್ತೆ, ಗಿರಾಕಿ ಫೋಟೋ ತೆಗೆದು ನೀರು ನುಗ್ಗಿದೆ ಅಂತ ಕೇಸ್ ಹಾಕ್ತಾರೆ. ಮಳೆಗಾಲದಲ್ಲಿ ಮುಚ್ಚಳ ತೆಗೆಯೋ ಕೆಲಸ ಇದ್ರೆ ಬಿಸಿಲು ಬಿದ್ದ ದಿನ ಮಾಡಿ, ಇಲ್ಲಾ ವಾಚನ್ನ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬೀಲಿ ಒಂದೆರಡು ದಿನ ಇಟ್ಟು ಆಮೇಲೆ ಮುಚ್ಚಿ. ಪ್ಯಾಕ್ ಮಾಡೋವಾಗಲೂ ಒಂದು ಪೊಟ್ಟಣ ಹಾಕಿ.

ಗೆದ್ದು ದುಡ್ಡು ಹಾಕದೆ ಇರೋರ ಕಥೆ ಸುಲಭ. ಹರಾಜು ಮುಗಿದು 4 ದಿನ ಟೈಮ್ ಇರುತ್ತೆ, ಐದನೇ ದಿನ ನೀವು ಆರ್ಡರ್ ಕ್ಯಾನ್ಸಲ್ ಮಾಡಿ, ಕಾರಣ "ಗಿರಾಕಿ ಪೇ ಮಾಡಿಲ್ಲ" ಅಂತಲೇ ಆರಿಸಿ. ಪಾಪ ಅಂತ ಕರುಣೆ ತೋರಿಸಿ "ಗಿರಾಕಿ ಕ್ಯಾನ್ಸಲ್ ಕೇಳಿದ್ರು" ಅಂತ ಹಾಕಬೇಡಿ, ಹಾಗೆ ಹಾಕಿದ್ರೆ ಅವರ ಮೇಲೆ ದಾಖಲೆನೇ ಆಗಲ್ಲ, ಇನ್ನೊಬ್ಬರಿಗೂ ಅದನ್ನೇ ಮಾಡ್ತಾರೆ. "ಸ್ಟಾಕ್ ಇಲ್ಲ" ಅಂತಂತೂ ಹಾಕಲೇಬೇಡಿ, ಅದು ನಿಮ್ಮ ತಪ್ಪು ಅಂತ ಲೆಕ್ಕ ಆಗುತ್ತೆ. ಆಮೇಲೆ ಎರಡನೇ ಸ್ಥಾನದಲ್ಲಿದ್ದವರಿಗೆ ಸೆಕೆಂಡ್ ಚಾನ್ಸ್ ಆಫರ್ ಕಳಿಸಿ, ಅವರು ಕೂಗಿದ ರೇಟಿಗೇ. ಆದ್ರೆ ಕೊನೇ ಎರಡು ಬಿಡ್ಡು ಮಾತ್ರ ಒಬ್ಬರಿಗೊಬ್ಬರು ಪೈಪೋಟಿಗೆ ಏರಿಸಿದ್ದಾದ್ರೆ ಎರಡನೆಯವರ ರೇಟೂ ವಿಪರೀತ ಇರುತ್ತೆ, ಅವರು ಒಪ್ಪದೆ ಇದ್ರೆ ತಲೆ ಕೆಡಿಸ್ಕೊಳ್ಳದೆ ಮತ್ತೆ ಲಿಸ್ಟ್ ಮಾಡಿ.

ನಾಣ್ಯದ ವಿಷಯ, ದಯವಿಟ್ಟು ಅದನ್ನ ಹೊರದೇಶದ ಹರಾಜಿಗೆ ಹಾಕಬೇಡಿ. ಕೆಳದಿ ಇಕ್ಕೇರಿ ನಾಯಕರ ಕಾಲದ್ದು ಅಂದ್ರೆ ನೂರು ವರ್ಷ ಯಾವಾಗಲೋ ದಾಟಿದೆ, 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ ಪ್ರಕಾರ 100 ವರ್ಷ ಆದ ನಾಣ್ಯನೂ ಪುರಾತನ ವಸ್ತುನೇ, ಖಾಸಗಿಯವರು ಅದನ್ನ ದೇಶದಿಂದ ಹೊರಗೆ ಕಳಿಸೋ ಹಾಗೇ ಇಲ್ಲ, ಕಳಿಸಿದ್ರೆ ಕಮ್ಮಿ ಅಂದ್ರೂ 6 ತಿಂಗಳಿಂದ 3 ವರ್ಷದವರೆಗೆ ಜೈಲು ಮತ್ತೆ ದಂಡ ಇದೆ. ಕಸ್ಟಮ್ಸಲ್ಲಿ ಸಿಕ್ಕಿಬಿತ್ತು ಅಂತ ಇಟ್ಕೊಳ್ಳಿ, ಪಾರ್ಸಲ್ ತಲುಪಲಿಲ್ಲ ಅಂತ ಗಿರಾಕಿಗೆ ಪೂರ್ತಿ ರಿಫಂಡ್ ಕೊಡಬೇಕು, ನಾಣ್ಯನೂ ಹೋಯ್ತು, ಮೇಲೆ ಕೇಸು. ದೇಶದೊಳಗೆ ಮಾರೋದನ್ನ ವ್ಯಾಪಾರವಾಗಿ ಮಾಡೋಕೂ ಅದೇ ಕಾಯ್ದೇಲಿ ಲೈಸೆನ್ಸ್ ಕೇಳ್ತಾರೆ. ಮೊದಲು ಅದನ್ನ ಒಂದು ಸಲ ಕೆಳದಿ ಮ್ಯೂಸಿಯಮ್ಮಿಗೋ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಮ್ಯೂಸಿಯಮ್ಮಿಗೋ ತಗೊಂಡು ಹೋಗಿ, ನಿಜಕ್ಕೂ ಇಕ್ಕೇರಿದೇನಾ ಅಂತ ತಿಳಿದವರಿಗೆ ತೋರಿಸಿ. ಹೋಗೋವಾಗ ಬ್ರಾಸೋ, ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡ್ಕೊಂಡು ಹೋಗಬೇಡಿ, ಇರೋ ಹಂಗೇ ತಗೊಂಡು ಹೋಗಿ.